ಅವಧಿಯೂ ಅರ್ಥವೂ: ರಮೋನ್ಸ್ ತಂಡದ ಉತ್ಸವ ಪ್ರದರ್ಶನಗಳನ್ನು ಕುರಿತು

ಸಂಗೀತ ಪ್ರದರ್ಶನವೊಂದನ್ನು ಕುರಿತು ಬರೆಯುವಾಗ ಅದು ಎಷ್ಟು ಹೊತ್ತು ನಡೆಯಿತೆಂಬುದನ್ನು ವಿಮರ್ಶಕರು ಸಾಮಾನ್ಯವಾಗಿ ವರದಿಗಾರರಿಗೆ ಬಿಟ್ಟುಬಿಡುತ್ತಾರೆ. ಏನು ಹಾಡಿದರು, ಹೇಗೆ ಹಾಡಿದರು ಎಂಬುದು ವಿಮರ್ಶೆಯ ವಿಷಯ; ಎಷ್ಟು ನಿಮಿಷ ಹಾಡಿದರೆಂಬುದು ಗಡಿಯಾರದ ವಿಷಯ ಎಂಬುದು ರೂಢಿಯ ಎಣಿಕೆ. ಈ ಎಣಿಕೆ ಬಹುಮಟ್ಟಿಗೆ ಸರಿಯಾದುದೇ ಆದರೂ ಕೆಲವು ಕಲಾವಿದರ ವಿಷಯದಲ್ಲಿ ಅದು ನಮ್ಮನ್ನು ದಾರಿತಪ್ಪಿಸುತ್ತದೆ. ಅಮೆರಿಕದ ರಮೋನ್ಸ್ ಎಂಬ ಪಂಕ್ ತಂಡ ಅಂಥವುಗಳಲ್ಲಿ ಒಂದು. ಅವರ ಕಲೆಯಲ್ಲಿ ಅವಧಿಯೇ ಅರ್ಥದ ಒಂದು ಭಾಗವಾಗಿದ್ದಿತು. ಆ ಅವಧಿ ಕಲಾವಿದರ ಕೈಯಿಂದ ಉತ್ಸವದ ವ್ಯವಸ್ಥಾಪಕರ ಕೈಗೆ ಹೋದಾಗ ಅರ್ಥಕ್ಕೆ ಏನಾಯಿತೆಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರಿಸಬೇಕೆಂದಿದ್ದೇವೆ.

ಈ ವಿಚಾರಕ್ಕೆ ನಮ್ಮನ್ನು ತಂದು ನಿಲ್ಲಿಸಿದುದು ಒಂದು ಸಣ್ಣ ಪ್ರಸಂಗ. ಕೆಲವು ದಿನಗಳ ಹಿಂದೆ ನಮ್ಮ ತರಗತಿಯ ವಿದ್ಯಾರ್ಥಿಯೊಬ್ಬನು ಹದ್ದಿನ ಲಾಂಛನವುಳ್ಳ ಕಪ್ಪು ಟೀ ಶರ್ಟನ್ನು ತೊಟ್ಟು ಬಂದಿದ್ದನು. ಲಾಂಛನದ ಮೇಲ್ಗಡೆ ರಮೋನ್ಸ್ ಎಂಬ ಹೆಸರಿದ್ದಿತು. ಅದೇನೆಂದು ಕೇಳಲಾಗಿ, ಅದು ಬಟ್ಟೆ ತಯಾರಿಸುವ ಕಂಪೆನಿಯ ಹೆಸರಿರಬೇಕು ಸಾರ್ ಎಂದು ಆತನು ನಿಸ್ಸಂಕೋಚವಾಗಿ ಉತ್ತರವಿತ್ತನು. ಆತನದು ತಪ್ಪೆಂದು ಹೇಳುವುದು ಸುಲಭ. ಆದರೆ ನಾಣ್ಯಗಳನ್ನೂ ರಾಜಮುದ್ರೆಗಳನ್ನೂ ಇಟ್ಟುಕೊಂಡು ರಾಜ್ಯಗಳ ಕಥೆಯನ್ನು ಹೇಳುವ ನಮ್ಮಂಥವರಿಗೆ ಈ ಉತ್ತರ ಸ್ವಲ್ಪ ಚುಚ್ಚಿತು. ಮುದ್ರೆ ಉಳಿದು ರಾಜ್ಯ ಮರೆತುಹೋಗುವುದು ಚರಿತ್ರೆಯಲ್ಲಿ ಹೊಸದಲ್ಲ. ನಮ್ಮ ಕಾಲದ ಒಂದು ತಂಡಕ್ಕೆ ಇಷ್ಟು ಬೇಗ ಹಾಗಾದುದು ಮಾತ್ರ ಯೋಚಿಸತಕ್ಕ ಸಂಗತಿ.

ತಂಡದ ಪೂರ್ವವೃತ್ತಾಂತವನ್ನು ಚಿಕ್ಕದಾಗಿ ಹೇಳಬಹುದು. ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿರುವ ಫಾರೆಸ್ಟ್ ಹಿಲ್ಸ್ ಎಂಬ ಬಡಾವಣೆಯ ನಾಲ್ವರು ಯುವಕರು 1974ರಲ್ಲಿ ಇದನ್ನು ಕಟ್ಟಿದರು. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಒಂದು ಕಾಲದಲ್ಲಿ ಇಟ್ಟುಕೊಂಡಿದ್ದ ರಮೋನ್ ಎಂಬ ಮರೆಹೆಸರನ್ನು ಎರವಲು ಪಡೆದು ನಾಲ್ವರೂ ಅದನ್ನೇ ಮನೆತನದ ಹೆಸರಾಗಿ ಧರಿಸಿದರು: ಹಾಡುಗಾರ ಜೋಯಿ, ಗಿಟಾರ್ ನುಡಿಸುವ ಜಾನಿ, ಬೇಸ್ ಗಿಟಾರಿನ ಡೀ ಡೀ, ಡ್ರಮ್ ಬಾರಿಸುವ ಟಾಮಿ. ಇವರಲ್ಲಿ ಯಾರೂ ಒಬ್ಬರಿಗೊಬ್ಬರು ರಕ್ತಸಂಬಂಧಿಗಳಲ್ಲ. ಟಾಮಿ ಬುಡಾಪೆಸ್ಟ್ ನಗರದಲ್ಲಿ ಹುಟ್ಟಿದವನು. ಅದೇ ವರ್ಷದ ಆಗಸ್ಟ್ 16ರಂದು ಇವರು ಬವರಿ ಬೀದಿಯ ಸಿ.ಬಿ.ಜಿ.ಬಿ. ಎಂಬ ಪಾನಗೃಹದಲ್ಲಿ ಮೊದಲ ಬಾರಿಗೆ ನುಡಿಸಿದರು. ಗ್ರಾಮೀಣ ಸಂಗೀತಕ್ಕೆಂದು ಸ್ಥಾಪಿತವಾಗಿದ್ದ ಆ ಇಕ್ಕಟ್ಟಾದ ಅಂಗಡಿಯೇ ಮುಂದೆ ಪಂಕ್ ಪಂಥದ ತವರಾಯಿತು. ಅಲ್ಲಿನ ಅವರ ಆರಂಭದ ಪ್ರದರ್ಶನಗಳು ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಮುಗಿದುಹೋಗುತ್ತಿದ್ದುವು. ಯಾವ ಹಾಡನ್ನು ಎತ್ತಿಕೊಳ್ಳಬೇಕೆಂದು ವೇದಿಕೆಯ ಮೇಲೆಯೇ ಜಗಳವಾಡುತ್ತಿದ್ದುದೂ ಆ ನಿಮಿಷಗಳಲ್ಲಿಯೇ ಸೇರಿದ್ದಿತು.

ಹದಿನೈದು ನಿಮಿಷ! ಇದರ ಅರ್ಥ ತಿಳಿಯಬೇಕಾದರೆ ಆ ಕಾಲದ ರೂಢಿಯನ್ನು ಸ್ಮರಿಸಿಕೊಳ್ಳಬೇಕು. 1976ರಲ್ಲಿ ಹೊರಬಂದ ಎರಡು ಧ್ವನಿಮುದ್ರಿಕೆಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಸಾಕು. ಇಂಗ್ಲೆಂಡಿನ ಲೆಡ್ ಜೆಪೆಲಿನ್ ತಂಡ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ಮಹಾಸಭಾಂಗಣದಲ್ಲಿ 1973ರ ಜುಲೈ ತಿಂಗಳು ನೀಡಿದ ಪ್ರದರ್ಶನಗಳ ಮುದ್ರಿಕೆ ಆ ವರ್ಷ ಪ್ರಕಟವಾಯಿತು. ಅದರಲ್ಲಿ ಒಂದೇ ಒಂದು ಹಾಡು 26 ನಿಮಿಷಗಳನ್ನು ಮೀರಿ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲನ್ನು ಪೂರ್ತಿಯಾಗಿ ಆಕ್ರಮಿಸಿದೆ. ಅದೇ ವರ್ಷದ ಏಪ್ರಿಲ್ ತಿಂಗಳಲ್ಲಿ ರಮೋನ್ಸರ ಮೊದಲನೆಯ ಮುದ್ರಿಕೆ ಹೊರಬಂದಿದ್ದಿತು. ಅದರಲ್ಲಿ 14 ಹಾಡುಗಳಿವೆ. ಹದಿನಾಲ್ಕೂ ಸೇರಿ ಸುಮಾರು 29 ನಿಮಿಷ. ಅದನ್ನು ಸಿದ್ಧಪಡಿಸಲು ತಗುಲಿದ ವೆಚ್ಚ 6,400 ಡಾಲರುಗಳು. ಮಾರಾಟದ ಪಟ್ಟಿಯಲ್ಲಿ ಅದು 111ನೆಯ ಸ್ಥಾನಕ್ಕಿಂತ ಮೇಲೇರಲಿಲ್ಲ. ಒಂದೇ ನಗರ, ಒಂದೇ ವರ್ಷ, ಒಂದು ಕಡೆ ಒಂದು ಹಾಡಿಗೆ ಸಂದ ಕಾಲ, ಇನ್ನೊಂದು ಕಡೆ ಹದಿನಾಲ್ಕು ಹಾಡುಗಳಿಗೆ ಸಂದ ಕಾಲ: ಈ ಲೆಕ್ಕವೇ ಆ ಕಾಲದ ವಾದವಿವಾದವನ್ನೆಲ್ಲ ನಮಗೆ ಹೇಳಿಕೊಡುತ್ತದೆ.

ಹಾಗಾದರೆ ರಮೋನ್ಸರು ಬಿಟ್ಟುಕೊಟ್ಟುದಾದರೂ ಏನನ್ನು? ಹಾಡಿನ ಮೊದಲಿಗೆ ಬರುವ ದೀರ್ಘವಾದ ಪೀಠಿಕೆಯನ್ನು, ನಡುವೆ ಗಿಟಾರಿನ ಒಂಟಿ ವಿಸ್ತಾರವನ್ನು, ಡ್ರಮ್ಮಿನ ತನಿಯನ್ನು, ಕೊನೆಯಲ್ಲಿ ಎಳೆಯುವ ಮುಕ್ತಾಯವನ್ನು. ಉಳಿಸಿಕೊಂಡುದು ಪಲ್ಲವಿ, ಚರಣ ಮತ್ತು ವೇಗ. ಜಾನಿಯ ಬಲಗೈ ತಂತಿಗಳನ್ನು ಮೇಲಿನಿಂದ ಕೆಳಕ್ಕೆ ಮಾತ್ರ ಹೊಡೆಯುತ್ತಿದ್ದಿತು. ಕೆಳಗಿನಿಂದ ಮೇಲಕ್ಕೂ ಹೊಡೆದರೆ ಶ್ರಮ ಅರ್ಧವಾಗುತ್ತದೆ, ಆದರೆ ನಾದದ ಗಡಸು ಕಡಮೆಯಾಗುತ್ತದೆ. ಆದುದರಿಂದ ಆತನು ಶ್ರಮವನ್ನೇ ಆರಿಸಿಕೊಂಡನು. ಒಂದು ಹಾಡು ಮುಗಿದೊಡನೆಯೇ ಡೀ ಡೀ ಒಂದರಿಂದ ನಾಲ್ಕರವರೆಗೆ ಎಣಿಸಿ ಕೂಗುತ್ತಿದ್ದನು. ಕೂಗು ಅಡಗುವುದರೊಳಗಾಗಿ ಮುಂದಿನ ಹಾಡು ಮೊದಲಾಗಿರುತ್ತಿದ್ದಿತು. ಮಾತಿಲ್ಲ, ವಿವರಣೆಯಿಲ್ಲ, ಶ್ರುತಿ ಸರಿಪಡಿಸಿಕೊಳ್ಳುವ ನೆಪದ ವಿರಾಮವಿಲ್ಲ. ಕೇಳುಗನಿಗೆ ಚಪ್ಪಾಳೆ ತಟ್ಟಲು ಕೂಡ ಬಿಡುವು ದೊರೆಯುತ್ತಿರಲಿಲ್ಲವೆಂದು ಹೇಳಬಹುದು.

ಇದನ್ನು ಕೆಲವರು ಅಸಾಮರ್ಥ್ಯದ ಫಲವೆಂದು ಭಾವಿಸಿದರು. ಹೆಚ್ಚು ಬಾರದವರು ಹೆಚ್ಚು ಹೊತ್ತು ನುಡಿಸಲಾರರೆಂಬುದು ಅವರ ವಾದ. ಈ ವಾದದಲ್ಲಿ ಒಂದು ಹುರುಳಿದೆ. ಆರಂಭದಲ್ಲಿ ಇವರಿಗೆ ಬರುತ್ತಿದ್ದುದು ಸ್ವಲ್ಪವೇ ಎಂಬುದನ್ನು ಇವರೇ ಮರೆಮಾಚಿದವರಲ್ಲ. ಆದರೆ ಬಾರದಿರುವುದರಿಂದ ಹುಟ್ಟಿದ ಸಂಕ್ಷೇಪ ಕಲಿತ ಮೇಲೆ ಹೋಗಬೇಕಾಗಿದ್ದಿತು. ಇಪ್ಪತ್ತೆರಡು ವರ್ಷಗಳಾದರೂ ಅದು ಹೋಗಲಿಲ್ಲ. ಇದಕ್ಕಿಂತ ಬಲವಾದ ಇನ್ನೊಂದು ಸಾಕ್ಷ್ಯವಿದೆ. ಮೊದಲನೆಯ ಮುದ್ರಿಕೆಯಲ್ಲಿಯೇ ಅವರು 1962ರ ಒಂದು ಜನಪ್ರಿಯ ನೃತ್ಯಗೀತೆಯನ್ನು ಸೇರಿಸಿಕೊಂಡಿದ್ದಾರೆ. ಜೋಯಿಯ ಹಾಡಿಕೆಯಲ್ಲಿ 1960ರ ದಶಕದ ಹೆಣ್ಣುಮಕ್ಕಳ ಗಾಯನತಂಡಗಳ ಎಳೆತ, ಬಿಕ್ಕು ಎಲ್ಲವೂ ಇವೆ. ಎರಡೂವರೆ ನಿಮಿಷದ ಹಾಡು ಇವರು ಕಂಡುಹಿಡಿದ ಹೊಸ ವಸ್ತುವಲ್ಲ. ಇವರ ಬಾಲ್ಯದಲ್ಲಿ ರೇಡಿಯೋದಿಂದ ಬರುತ್ತಿದ್ದ ಹಾಡಿನ ಅಳತೆಯೇ ಅದು. ದೊಡ್ಡವರು ಅದನ್ನು ಬಾಲಿಶವೆಂದು ತ್ಯಜಿಸಿದಾಗ ಇವರು ಎತ್ತಿಕೊಂಡರು. ಪಂಕ್ ಸರ್ವನಾಶದ ಪಂಥವೆಂದು ಬರೆಯುವವರು ಈ ಪುನರುದ್ಧಾರದ ಅಂಶವನ್ನು ಗಮನಿಸಬೇಕು.

1976ರ ಜುಲೈ 4ರಂದು, ಎಂದರೆ ಅಮೆರಿಕದ ಸ್ವಾತಂತ್ರ್ಯಘೋಷಣೆಗೆ ಇನ್ನೂರು ವರ್ಷಗಳು ತುಂಬಿದ ದಿನದಂದೇ, ಈ ತಂಡ ಲಂಡನ್ನಿನ ರೌಂಡ್‌ಹೌಸ್ ಎಂಬ ರಂಗಮಂದಿರದಲ್ಲಿ ನುಡಿಸಿತು. ಇವರು ಅಂದಿನ ಮುಖ್ಯ ತಂಡವಲ್ಲ. ಫ್ಲೇಮಿನ್ ಗ್ರೂವೀಸ್ ಎಂಬವರಿಗೆ ಮುನ್ನ ಬಂದವರು. ಹಾಗಿದ್ದರೂ ಆ ಒಂದೆರಡು ದಿನಗಳಲ್ಲಿ ಇವರನ್ನು ಕೇಳಿದ ಲಂಡನ್ನಿನ ಯುವ ಸಂಗೀತಗಾರರು ಪಾಠವನ್ನು ಬೇಗ ಕಲಿತರು. 1977ರ ಡಿಸೆಂಬರ್ 31ರ ರಾತ್ರಿ ಅದೇ ನಗರದ ರೈನ್‌ಬೋ ರಂಗಮಂದಿರದಲ್ಲಿ ನಡೆದ ಪ್ರದರ್ಶನ ಮುದ್ರಿತವಾಗಿದ್ದು, 28 ಹಾಡುಗಳು 54 ನಿಮಿಷಗಳೊಳಗೆ ಮುಗಿಯುತ್ತವೆ. ನಮ್ಮ ಅಭಿಪ್ರಾಯದಲ್ಲಿ ಇದೇ ಈ ತಂಡದ ಅತ್ಯುತ್ತಮ ದಾಖಲೆ. ವೇಗ ವಿಪರೀತವಾಗಿದೆ, ಆದರೆ ಮಾತುಗಳು ಕೇಳಿಸುತ್ತವೆ. ರಾಗದ ಏರಿಳಿತ ಕೇಳಿಸುತ್ತದೆ. ಸಭೆಗೆ ತಾನು ಏನನ್ನು ಕೇಳುತ್ತಿರುವೆನೆಂಬುದು ತಿಳಿದಿದೆ.

ಈ ಕೊನೆಯ ಮಾತಿನ ಮೇಲೆ ನಮ್ಮ ವಿಚಾರವೆಲ್ಲ ನಿಂತಿದೆ. ಸಂಕ್ಷೇಪವೆಂಬುದು ಒಂದು ನಿರಾಕರಣೆಯಾಗಿರುವಾಗ, ನಿರಾಕರಿಸುತ್ತಿರುವುದು ಯಾವುದನ್ನೆಂದು ಬಲ್ಲ ಸಭೆ ಎದುರಿಗೆ ಇರಬೇಕಾಗುತ್ತದೆ. ಸಿ.ಬಿ.ಜಿ.ಬಿ.ಯ ಸಣ್ಣ ಸಭೆಗಾಗಲಿ ರೈನ್‌ಬೋ ರಂಗಮಂದಿರದ ದೊಡ್ಡ ಸಭೆಗಾಗಲಿ ಅದು ತಿಳಿದಿದ್ದಿತು. ಉತ್ಸವದ ಬಯಲಿನಲ್ಲಿ ನೆರೆದಿರುವ ಜನಕ್ಕೆ ಅದು ತಿಳಿದಿರಬೇಕಾದ ಕಾರಣವೇ ಇಲ್ಲ.

ಉತ್ಸವದ ವ್ಯವಸ್ಥೆಯನ್ನು ಸ್ವಲ್ಪ ವಿವರಿಸುವುದು ಇಲ್ಲಿ ಅವಶ್ಯಕ. ಒಂದು ದಿನದಲ್ಲಿ ಏಳೆಂಟು ತಂಡಗಳು ಒಂದೇ ವೇದಿಕೆಯನ್ನು ಏರಬೇಕು. ಒಂದು ತಂಡದ ವಾದ್ಯಗಳನ್ನು ಇಳಿಸಿ ಇನ್ನೊಂದರವನ್ನು ಹೂಡುವ ಹೊತ್ತೂ ವೇಳಾಪಟ್ಟಿಯಲ್ಲಿ ಸೇರಿರುತ್ತದೆ. ಕತ್ತಲಾದ ಮೇಲಿನ ಕಾಲ ಹೆಚ್ಚಿನ ಬೆಲೆಯುಳ್ಳದ್ದು; ಅದು ಹೆಚ್ಚು ಟಿಕೆಟುಗಳನ್ನು ಮಾರಿಸಬಲ್ಲ ತಂಡಕ್ಕೆ ಮೀಸಲು. ಮಿಕ್ಕವರು ಹಗಲಿನಲ್ಲಿ, ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ, ಗೊತ್ತುಮಾಡಿದ ನಿಮಿಷಕ್ಕೆ ಹತ್ತಿ ಗೊತ್ತುಮಾಡಿದ ನಿಮಿಷಕ್ಕೆ ಇಳಿಯಬೇಕು. ಹೀಗೆ ವೇಳಾಪಟ್ಟಿ ಎಂಬುದು ಒಂದು ಬೆಲೆಪಟ್ಟಿಯೂ ಆಗಿರುತ್ತದೆ. ಯಾರಿಗೆ ಎಷ್ಟು ಹೊತ್ತು, ಯಾರ ಮುಂಚೆ ಯಾರು ಎಂಬುದನ್ನು ನೋಡಿದರೆ ಆ ವರ್ಷದ ಮರ್ಯಾದೆಗಳ ಶ್ರೇಣಿಯನ್ನು ದರ್ಬಾರಿನ ಆಸನಕ್ರಮದಿಂದ ಓದಿದಷ್ಟೇ ಸ್ಪಷ್ಟವಾಗಿ ಓದಬಹುದು.

ಇಂಥ ಒಂದು ಪಟ್ಟಿಯನ್ನು ನೋಡೋಣ. ಆಪಲ್ ಕಂಪ್ಯೂಟರ್ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದ ಸ್ಟೀವ್ ವೋಜ್ನಿಯಾಕ್ ತಮ್ಮ ಹಣವನ್ನು ಸುರಿದು ಕ್ಯಾಲಿಫೋರ್ನಿಯದ ಸ್ಯಾನ್ ಬರ್ನಾರ್ಡಿನೋ ಸಮೀಪದಲ್ಲಿ 1982ರ ಸೆಪ್ಟೆಂಬರ್ 3ರಿಂದ 5ರವರೆಗೆ ಅಸ್ ಫೆಸ್ಟಿವಲ್ ಎಂಬ ಉತ್ಸವವನ್ನು ನಡೆಸಿದರು. ಮೊದಲನೆಯ ದಿನ ಹೊಸ ಸಂಗೀತಕ್ಕೆ ಮೀಸಲಾಗಿದ್ದಿತು. ರಮೋನ್ಸರ ಸರದಿ ಅಂದು ಬೇಗನೆ, ಉರಿಬಿಸಿಲಿನಲ್ಲಿ ಬಂದಿತು. ಅವರ ಅನಂತರ, ರಾತ್ರಿಗೆ ಹತ್ತಿರವಾಗಿ, ಟಾಕಿಂಗ್ ಹೆಡ್ಸ್ ಬಂದರು; ಎಲ್ಲರಿಗಿಂತ ಕೊನೆಯಲ್ಲಿ ಪೊಲೀಸ್ ಎಂಬ ತಂಡ. ಇಲ್ಲಿ ಒಂದು ಸಂಗತಿಯನ್ನು ಜ್ಞಾಪಿಸಬೇಕು. ಏಳು ವರ್ಷಗಳ ಹಿಂದೆ, 1975ರಲ್ಲಿ, ಟಾಕಿಂಗ್ ಹೆಡ್ಸ್ ಸಿ.ಬಿ.ಜಿ.ಬಿ.ಯಲ್ಲಿ ಮೊದಲ ಬಾರಿಗೆ ನುಡಿಸಿದುದು ರಮೋನ್ಸರಿಗೆ ಮುನ್ನ ಬರುವ ತಂಡವಾಗಿ! ಪೊಲೀಸ್ ತಂಡವಂತೂ 1977ರಲ್ಲಿ ಹುಟ್ಟಿದ್ದು. ಹಿರಿಯರು ಮೊದಲು ಹಾಡಿ ಇಳಿದರು, ಕಿರಿಯರು ದೀಪಗಳ ಬೆಳಕಿನಲ್ಲಿ ಮೆರೆದರು. ಇದರಲ್ಲಿ ಯಾರ ಅನ್ಯಾಯವೂ ಇಲ್ಲ. ಮಾರಾಟದ ಅಂಕಿಗಳು ಹಾಗೆ ಹೇಳುತ್ತಿದ್ದುವು. 1980ರಲ್ಲಿ ಫಿಲ್ ಸ್ಪೆಕ್ಟರ್ ಎಂಬ ಹೆಸರಾಂತ ನಿರ್ಮಾಪಕನನ್ನು ಹಿಡಿದು ಸಿದ್ಧಪಡಿಸಿದ ಮುದ್ರಿಕೆ ಅಮೆರಿಕದ ಪಟ್ಟಿಯಲ್ಲಿ 44ನೆಯ ಸ್ಥಾನಕ್ಕೆ ಏರಿದುದೇ ರಮೋನ್ಸರು ತಮ್ಮ ಜೀವಮಾನದಲ್ಲಿ ಕಂಡ ಪರಮಾವಧಿ.

ಇಷ್ಟಾದರೂ ಅಸ್ ಫೆಸ್ಟಿವಲ್ಲಿನ ಚಿತ್ರಮುದ್ರಿಕೆಯನ್ನು ನೋಡುವಾಗ ಕರುಣೆಗೆ ಅವಕಾಶ ಕಾಣುವುದಿಲ್ಲ. ಆ ಬಿಸಿಲಿನಲ್ಲಿಯೂ ಕೆಲಸ ನಡೆದೇ ಇದೆ. ಕಾಲುಗಳನ್ನು ಅಗಲಿಸಿ ನಿಂತ ಜಾನಿಯ ಭಂಗಿ ಸಿ.ಬಿ.ಜಿ.ಬಿ.ಯ ಇಕ್ಕಟ್ಟಿನಲ್ಲಿ ಹೇಗಿದ್ದಿತೋ ಹಾಗೆಯೇ ಇದೆ. ಬಯಲು ದೊಡ್ಡದೆಂದು ಅಭಿನಯ ದೊಡ್ಡದಾಗಿಲ್ಲ. ಬೇರೆ ತಂಡಗಳು ಅರ್ಧ ಗಂಟೆಯ ಅವಕಾಶ ದೊರೆತಾಗ ಯಾವುದನ್ನು ಬಿಡಬೇಕೆಂಬ ಚಿಂತೆಗೆ ಬೀಳುತ್ತವೆ. ಇವರಿಗೆ ಅರ್ಧ ಗಂಟೆ ಎಂದರೆ ಹನ್ನೆರಡು ಹದಿನಾಲ್ಕು ಹಾಡುಗಳು, ಎಂದರೆ ಹೆಚ್ಚುಕಡಮೆ ಒಂದು ಇಡೀ ಮುದ್ರಿಕೆ. ನಮ್ಮ ಕರಾವಳಿಯಲ್ಲಿ ರಾತ್ರಿಯೆಲ್ಲ ನಡೆಯುತ್ತಿದ್ದ ಯಕ್ಷಗಾನವನ್ನು ಈಚೆಗೆ ಕಾಲಮಿತಿಗೆ ಒಳಪಡಿಸಿ ಕೆಲವು ಗಂಟೆಗಳಲ್ಲಿ ಆಡಿಸುವುದನ್ನು ವಾಚಕರು ಬಲ್ಲರು. ಅಲ್ಲಿ ದೀರ್ಘವಾದುದನ್ನು ಕತ್ತರಿಸಬೇಕಾಗುತ್ತದೆ. ಬಿಟ್ಟುಹೋದುದೇನೆಂದು ಬಲ್ಲವರಿಗೆ ನೋವಾಗುತ್ತದೆ. ರಮೋನ್ಸರ ವಿಷಯದಲ್ಲಿ ಕತ್ತರಿಸಲು ಏನೂ ಇರಲಿಲ್ಲ. ಕತ್ತರಿಸುವ ಕೆಲಸವನ್ನು ಅವರು 1974ರಲ್ಲಿಯೇ ಮುಗಿಸಿದ್ದರು.

ಇನ್ನು 1996ರ ಮಾತಿಗೆ ಬರೋಣ. ಆ ವೇಳೆಗೆ ತಂಡ ಬಹಳ ಬದಲಾಗಿದ್ದಿತು. ಟಾಮಿ 1978ರಲ್ಲಿಯೇ ಡ್ರಮ್ಮನ್ನು ಮಾರ್ಕಿಗೆ ಒಪ್ಪಿಸಿ ಹೊರಬಂದಿದ್ದನು. ಡೀ ಡೀ 1989ರಲ್ಲಿ ಬಿಟ್ಟುಹೋದ ಬಳಿಕ ಸಿ. ಜೆ. ಎಂಬ ತರುಣ ಆ ಸ್ಥಾನಕ್ಕೆ ಬಂದು, ಎಣಿಸಿ ಕೂಗುವ ಅಧಿಕಾರವನ್ನೂ ವಹಿಸಿಕೊಂಡಿದ್ದನು. ಮೊದಲಿನವರಲ್ಲಿ ಉಳಿದಿದ್ದವರು ಜೋಯಿ ಮತ್ತು ಜಾನಿ ಇಬ್ಬರೇ. ಆ ಇಬ್ಬರು ಒಬ್ಬರೊಡನೊಬ್ಬರು ಸರಿಯಾಗಿ ಮಾತನಾಡುವುದನ್ನು ಬಿಟ್ಟು ವರ್ಷಗಳೇ ಆಗಿದ್ದುವು. ಜೋಯಿಯ ಪ್ರಿಯತಮೆಯಾಗಿದ್ದವಳು ಜಾನಿಯ ಹೆಂಡತಿಯಾದುದು ಇದಕ್ಕೆ ಒಂದು ಕಾರಣ. ಒಬ್ಬನು ಉದಾರವಾದಿ, ಇನ್ನೊಬ್ಬನು ರೇಗನ್ನರ ಕಟ್ಟಾ ಬೆಂಬಲಿಗನಾಗಿದ್ದುದು ಇನ್ನೊಂದು. ಅಧ್ಯಕ್ಷ ರೇಗನ್ 1985ರಲ್ಲಿ ನಾಜಿ ಸೈನಿಕರ ಗೋರಿಗಳೂ ಇದ್ದ ಬಿಟ್‌ಬರ್ಗ್ ಸ್ಮಶಾನಕ್ಕೆ ಭೇಟಿಯಿತ್ತುದನ್ನು ಖಂಡಿಸಿ ತಂಡ ಒಂದು ಹಾಡನ್ನು ಹೊರತಂದಾಗ ಅದರ ಶೀರ್ಷಿಕೆಯ ಬಗೆಗೇ ಮನಸ್ತಾಪವಾಯಿತು. ಚರಿತ್ರೆಯ ವಿದ್ಯಾರ್ಥಿಗಳಿಗೆ ಆ ಹಾಡನ್ನು ಕುರಿತು ಪ್ರತ್ಯೇಕವಾಗಿ ಹೇಳಬೇಕಾದುದಿದೆ, ಇಲ್ಲಿ ಬೇಡ.

1995ರಲ್ಲಿ ಇದೇ ಕೊನೆಯ ಮುದ್ರಿಕೆಯೆಂದು ಸಾರಿ, ವಿದಾಯದ ಪ್ರವಾಸವನ್ನೂ ಕೈಗೊಂಡುದಾಗಿದ್ದಿತು. 1996ರ ಮಾರ್ಚ್ 16ರಂದು ಅರ್ಜೆಂಟೈನದ ಬ್ಯೂನಸ್ ಐರಿಸ್ ನಗರದಲ್ಲಿ ರಿವರ್ ಪ್ಲೇಟ್ ಕಾಲ್ಚೆಂಡಿನ ಕ್ರೀಡಾಂಗಣವೇ ಇವರಿಗಾಗಿ ತುಂಬಿತು. ಅಲ್ಲಿ ಇವರು ಮುಖ್ಯ ತಂಡ; ನೆರೆದ ಸಹಸ್ರಾರು ಮಂದಿ ಇವರ ಸಲುವಾಗಿಯೇ ಬಂದವರು. ಅಲ್ಲಿಗೆ ನಿಲ್ಲಿಸಿದ್ದರೆ ಕಥೆಗೆ ಒಳ್ಳೆಯ ಮುಕ್ತಾಯವಾಗುತ್ತಿದ್ದಿತು. ಆದರೆ ಲೊಲ್ಲಾಪಲೂಜಾ ಎಂಬ ಸಂಚಾರೀ ಉತ್ಸವದಿಂದ ಆಹ್ವಾನ ಬಂದಿತು, ಒಪ್ಪಿಕೊಂಡರು. ಪೆರಿ ಫ್ಯಾರೆಲ್ ಎಂಬ ಗಾಯಕ 1991ರಲ್ಲಿ ತನ್ನ ತಂಡದ ಬೀಳ್ಕೊಡುಗೆಗಾಗಿ ಹೂಡಿದ ಈ ಉತ್ಸವ ಮಾರಾಟದ ಮುಖ್ಯಧಾರೆಯಿಂದ ಹೊರಗಿದ್ದ ಸಂಗೀತಕ್ಕೆ ಆಶ್ರಯವೆಂದು ಹೆಸರು ಪಡೆದಿದ್ದಿತು. 1996ರಲ್ಲಿ ಮಾತ್ರ ಅದರ ಶಿಖರಸ್ಥಾನ ಮೆಟಾಲಿಕಾ ಎಂಬ ಲೋಕಪ್ರಸಿದ್ಧ ತಂಡಕ್ಕೆ ಸಂದುದರಿಂದ ಸಾಕಷ್ಟು ಗದ್ದಲವಾಯಿತು, ಸ್ಥಾಪಕನೇ ದೂರ ಸರಿದನು. ಆ ವರ್ಷದ ಸಂಚಾರ ಜೂನ್ 27ರಂದು ಕ್ಯಾನ್ಸಸ್ ಸಿಟಿಯಲ್ಲಿ ಮೊದಲಾಗಿ ಆಗಸ್ಟ್ 4ರಂದು ಕ್ಯಾಲಿಫೋರ್ನಿಯದ ಅರ್ವೈನ್‌ನಲ್ಲಿ ಮುಗಿಯಿತು. ರಮೋನ್ಸರ ಸ್ಥಾನ ಪಟ್ಟಿಯ ನಡುವೆ. ಅವರ ಮೇಲೆ ಸೌಂಡ್‌ಗಾರ್ಡನ್, ಅದರ ಮೇಲೆ ಮೆಟಾಲಿಕಾ.

ತಮ್ಮದೇ ಪ್ರದರ್ಶನಗಳಲ್ಲಿ ಗಂಟೆಗೂ ಮೀರಿ ಮೂವತ್ತಕ್ಕಿಂತ ಹೆಚ್ಚು ಹಾಡುಗಳನ್ನು ಹಾಡುತ್ತಿದ್ದವರಿಗೆ ಇಲ್ಲಿ ಒಂದು ಗಂಟೆಯೂ ಇರಲಿಲ್ಲ. ಬೇಸಗೆಯ ದೀರ್ಘವಾದ ಹಗಲು. ಇವರ ಹಿಂದೆ ತೂಗುಹಾಕುತ್ತಿದ್ದ ಹದ್ದಿನ ಲಾಂಛನವನ್ನು ರೂಪಿಸಿದವನೂ, ತಂಡದ ಬದುಕಿನುದ್ದಕ್ಕೂ ವೇದಿಕೆಯ ದೀಪಗಳನ್ನು ನೋಡಿಕೊಂಡವನೂ ಆರ್ಟುರೋ ವೇಗಾ ಎಂಬ ಕಲಾವಿದ. ಅಮೆರಿಕದ ಅಧ್ಯಕ್ಷರ ಮುದ್ರೆಯನ್ನು ಅನುಕರಿಸಿ, ಹದ್ದಿನ ಕಾಲಿನಲ್ಲಿ ಬಾಣಗಳ ಬದಲು ಬೇಸ್‌ಬಾಲ್ ದಾಂಡನ್ನೂ ಆಲಿವ್ ಕೊಂಬೆಯ ಬದಲು ಸೇಬಿನ ಕೊಂಬೆಯನ್ನೂ ಕೊಟ್ಟು, ಸುತ್ತಲೂ ಸದಸ್ಯರ ಹೆಸರುಗಳನ್ನು ಬರೆದವನು ಆತನೇ. ನಮ್ಮ ವಿದ್ಯಾರ್ಥಿಯ ಎದೆಯ ಮೇಲಿದ್ದುದು ಈ ಮುದ್ರೆ. ಹಗಲಿನ ಬೆಳಕಿನಲ್ಲಿ ವೇಗಾನ ದೀಪಗಳಿಗೆ ಕೆಲಸವಿಲ್ಲ. ಉಳಿಯುವುದು ಬಟ್ಟೆಯ ಮೇಲಿನ ಹದ್ದು, ಅದರ ಮುಂದೆ ಚರ್ಮದ ಅಂಗಿ ತೊಟ್ಟು ಬೆವರುವ ನಾಲ್ವರು, ಅವರಲ್ಲಿ ಜಾನಿಗೆ 47, ಜೋಯಿಗೆ 45.

ಈಗ ನಾವು 1976ರ ಆ ಎರಡು ಮುದ್ರಿಕೆಗಳನ್ನು ಮತ್ತೆ ನೆನೆಯಬೇಕು. ಅಂದು ದೀರ್ಘವಾದ ಹಾಡೂ ಹ್ರಸ್ವವಾದ ಹಾಡೂ ಎದುರಾಳಿಗಳಾಗಿದ್ದುವು. ಒಂದನ್ನು ಮೆಚ್ಚುವುದೆಂದರೆ ಇನ್ನೊಂದನ್ನು ಅಲ್ಲಗಳೆಯುವುದೆಂದೇ ಅರ್ಥವಾಗಿದ್ದಿತು. ಮೆಟಾಲಿಕಾ ತಂಡದ ಪ್ರಸಿದ್ಧ ರಚನೆಗಳಲ್ಲಿ ಹಲವು ಏಳೆಂಟು ನಿಮಿಷಗಳವರೆಗೆ ಬೆಳೆಯುವಂಥವು. 1996ರಲ್ಲಿ ಎರಡು ನಿಮಿಷದ ಹಾಡುಗಳೂ ಎಂಟು ನಿಮಿಷದ ಹಾಡುಗಳೂ ಒಂದೇ ಟಿಕೆಟಿನ ಬೆಲೆಯಲ್ಲಿ, ಒಂದೇ ವೇದಿಕೆಯ ಮೇಲೆ, ಒಂದರ ಹಿಂದೆ ಒಂದು ಬಂದುವು. ಸಭೆ ಎರಡನ್ನೂ ಕೇಳಿತು, ಎರಡಕ್ಕೂ ತಲೆದೂಗಿತು. ಇವರಿಗೂ ಅವರಿಗೂ ದ್ವೇಷವಿರಲಿಲ್ಲ. ತದ್ವಿರುದ್ಧವಾಗಿ, ಪಟ್ಟಿಯಲ್ಲಿ ಮೇಲಿದ್ದವರು ಇವರ ಋಣವನ್ನು ಒಪ್ಪಿಕೊಂಡವರು. ಮೆಟಾಲಿಕಾ 2003ರ ಒಂದು ಗೌರವಸಂಪುಟದಲ್ಲಿ ಇವರ ಹಾಡನ್ನು ತಾನೇ ಹಾಡಿಕೊಟ್ಟಿತು. ಆದರೆ ಈ ಸೌಹಾರ್ದದಲ್ಲಿಯೇ ನಷ್ಟವೂ ಅಡಗಿದೆ. ನುಡಿಯುತ್ತಿರುವ ಎರಡು ನಿಮಿಷದ ಹಾಡು ಮೊದಲಿನದೇ. ಅದು ಯಾವ ಮಾತಿಗೆ ಉತ್ತರವಾಗಿದ್ದಿತೋ ಆ ಮಾತು ಸಭೆಯ ಕಿವಿಯಿಂದ ಮರೆಯಾಗಿದೆ. ಚಿಕ್ಕದಾಗಿ ಹಾಡುವುದನ್ನು ಅವರು ಆರಿಸಿಕೊಂಡರೋ, ಅವರಿಗೆ ದೊರೆತುದೇ ಅಷ್ಟೋ ಎಂದು ಹದಿನೆಂಟು ವರ್ಷದ ಪ್ರೇಕ್ಷಕನೊಬ್ಬನು ಹೇಗೆ ತಿಳಿಯಬೇಕು?

ಇದೇ ಬೇಸಗೆಯಲ್ಲಿ, ಲೊಲ್ಲಾಪಲೂಜಾ ಹೊರಡುವುದಕ್ಕೆ ನಾಲ್ಕು ದಿನ ಮೊದಲು, ಜೂನ್ 23ರಂದು, ಲಂಡನ್ನಿನ ಫಿನ್ಸ್‌ಬರಿ ಪಾರ್ಕಿನಲ್ಲಿ ಸೆಕ್ಸ್ ಪಿಸ್ಟಲ್ಸ್ ತಂಡದ ಪುನಸ್ಸಮಾಗಮವಾಯಿತು. 1978ರ ಜನವರಿಯಲ್ಲಿ ಒಡೆದುಹೋಗಿದ್ದವರು ಹದಿನೆಂಟು ವರ್ಷಗಳ ಬಳಿಕ ಕೂಡಿ, ಬಂದಿರುವುದು ಹಣಕ್ಕೆಂದು ಪ್ರವಾಸದ ಹೆಸರಿನಲ್ಲಿಯೇ ಘೋಷಿಸಿಕೊಂಡಿದ್ದರು. ಪತ್ರಿಕೆಗಳ ಗಮನವೆಲ್ಲ ಅತ್ತ ಹರಿದುದು ಸಹಜ. ಬಿಟ್ಟುಹೋಗಿ ಮರಳಿದವರಿಗೆ ಒಂದು ಕಥೆಯಿರುತ್ತದೆ. ಬಿಡದೆ ಇದ್ದವರಿಗೆ ಹಾಜರಿ ಪುಸ್ತಕ ಮಾತ್ರ. ಜಾನಿ ತಮ್ಮ ಪ್ರದರ್ಶನಗಳ ಲೆಕ್ಕವನ್ನು ಬರೆದಿಡುತ್ತಿದ್ದನು. ಒಟ್ಟು ಸಂಖ್ಯೆ 2,263.

ಇಷ್ಟರವರೆಗೆ ಹೇಳಿದುದರಿಂದ ನಾವು ತಂಡದ ಪಕ್ಷವನ್ನು ವಹಿಸಿದ್ದೇವೆಂದು ತೋರಬಹುದು. ಹಾಗಲ್ಲ, ದೋಷವನ್ನೂ ಹೇಳಬೇಕು. ಕಲಾವಿದರಿಗೆ ವಯಸ್ಸಾದುದು ಸಾಮಾನ್ಯವಾಗಿ ನಿಧಾನದಲ್ಲಿ ಕಾಣಿಸಿಕೊಳ್ಳುತ್ತದೆ: ಲಯ ಸಡಿಲುತ್ತದೆ, ಶ್ರುತಿ ಇಳಿಯುತ್ತದೆ, ನಡುವೆ ಮಾತು ಹೆಚ್ಚುತ್ತದೆ. ರಮೋನ್ಸರಲ್ಲಿ ಅದು ವೇಗದಲ್ಲಿ ಕಾಣಿಸಿಕೊಂಡಿತು. 1977ರ ರೈನ್‌ಬೋ ಮುದ್ರಿಕೆಯನ್ನೂ 1991ರಲ್ಲಿ ಬಾರ್ಸಿಲೋನಾ ನಗರದಲ್ಲಿ ತೆಗೆದ ಮುದ್ರಿಕೆಯನ್ನೂ ಒಂದಾದ ಮೇಲೊಂದು ಕೇಳಿದವರಿಗೆ ಇದರಲ್ಲಿ ಸಂದೇಹ ಉಳಿಯದು. ಮೊದಲು ಓಡುತ್ತಿದ್ದ ಹಾಡುಗಳು ಇಲ್ಲಿ ಅಟ್ಟಿಸಿಕೊಂಡು ಹೋಗುತ್ತಿರುವಂತೆ ಕೇಳುತ್ತವೆ. ಜೋಯಿ ಪದಗಳ ಕೊನೆಯ ಅಕ್ಷರಗಳನ್ನು ನುಂಗುತ್ತಾನೆ. ಆತನ ಹಾಡಿಕೆಯ ಸೊಗಸಾಗಿದ್ದ ಆ ಎಳೆತಕ್ಕೆ ಜಾಗವೇ ಇಲ್ಲ. ಎಷ್ಟು ಹೊತ್ತು ಎಂಬುದನ್ನು ಕುರಿತು ಇಷ್ಟೆಲ್ಲ ಹೇಳಿದ ನಾವು ಇದನ್ನೂ ಒಪ್ಪಬೇಕು: ಎರಡೂವರೆ ನಿಮಿಷದ ಹಾಡನ್ನು ಎರಡು ನಿಮಿಷಕ್ಕೆ ಇಳಿಸುವುದು ಸಂಕ್ಷೇಪವಲ್ಲ, ಆತುರ. ಸಂಕ್ಷೇಪ ಬೇಡವಾದುದನ್ನು ಬಿಡುತ್ತದೆ. ಆತುರ ಬೇಕಾದುದನ್ನೂ ಬಿಡುತ್ತದೆ. ತಮ್ಮಿಂದ ಕಲಿತ ಕಿರಿಯರು ತಮಗಿಂತ ಜೋರಾಗಿ ನುಡಿಸತೊಡಗಿದಾಗ ಹಿಂದೆ ಬೀಳಬಾರದೆಂಬ ಹಟ ಇದರ ಹಿಂದೆ ಇದ್ದಿರಬೇಕೆಂದು ನಮ್ಮ ಊಹೆ. ಉತ್ಸವದ ವೇದಿಕೆಯಲ್ಲಿ ಈ ಹಟಕ್ಕೆ ಪ್ರೋತ್ಸಾಹ ದೊರೆಯುತ್ತದೆ, ಏಕೆಂದರೆ ದೂರದಲ್ಲಿ ನಿಂತವನಿಗೆ ರಾಗ ತಲಪುವುದಿಲ್ಲ, ವೇಗ ತಲಪುತ್ತದೆ.

ಇದಕ್ಕೆ ಪ್ರತಿಯಾಗಿ ಒಂದು ಮಾತನ್ನು ಹೇಳಬಹುದು. ಪೂರ್ವಸಂದರ್ಭ ತಿಳಿಯದ ಸಭೆಯೇ ಕಲೆಯ ನಿಜವಾದ ಪರೀಕ್ಷಕ. ತಿಳಿದವರ ಮೆಚ್ಚುಗೆಯಲ್ಲಿ ಅರ್ಧ ಭಾಗ ಸ್ಮರಣೆಗೆ ಸಲ್ಲುತ್ತದೆ. ಲೊಲ್ಲಾಪಲೂಜಾದ ಹುಡುಗನೊಬ್ಬನು ಲೆಡ್ ಜೆಪೆಲಿನ್‌ನ 26 ನಿಮಿಷಗಳ ವಿಚಾರ ತಿಳಿಯದೆಯೇ ಆ ಎರಡು ನಿಮಿಷಗಳಿಗೆ ಎದ್ದು ಕುಣಿದನಾದರೆ ಹಾಡು ಗೆದ್ದಿತೆಂದೇ ಹೇಳಬೇಕಲ್ಲವೆ? ಈ ವಾದವನ್ನು ನಾವು ತಳ್ಳಿಹಾಕುವುದಿಲ್ಲ. ಅವರ ಮೊದಲನೆಯ ಮುದ್ರಿಕೆಯ ಮೊದಲನೆಯ ಹಾಡಿನ ಆರಂಭದಲ್ಲಿರುವ ಕೂಗು ಇಂದು ಅಮೆರಿಕದ ಕ್ರೀಡಾಂಗಣಗಳಲ್ಲಿ ಆಟದ ನಡುವೆ ಮೊಳಗುತ್ತದೆ. ಕೂಗುವವರಲ್ಲಿ ಹೆಚ್ಚಿನವರಿಗೆ ಅದು ಯಾರದೆಂಬ ಅರಿವಿಲ್ಲ. ಆ ಮುದ್ರಿಕೆ ಐದು ಲಕ್ಷ ಪ್ರತಿಗಳ ಮಾರಾಟಕ್ಕೆ ಸಲ್ಲುವ ಚಿನ್ನದ ಮಾನ್ಯತೆಯನ್ನು ಪಡೆದುದು 2014ರಲ್ಲಿ, ಹೊರಬಂದ ಮೂವತ್ತೆಂಟು ವರ್ಷಗಳ ಮೇಲೆ. ಜೋಯಿ 2001ರಲ್ಲಿ, ಡೀ ಡೀ 2002ರಲ್ಲಿ, ಜಾನಿ 2004ರಲ್ಲಿ ತೀರಿಕೊಂಡಿದ್ದರು. ಅದೇ 2014ರ ಜುಲೈ ತಿಂಗಳಲ್ಲಿ ಟಾಮಿಯೂ ತೀರಿಕೊಂಡನು. ಹಾಡು ಗೆದ್ದಿತೆಂಬುದು ನಿಜ. ಆದರೆ ಗೆಲ್ಲುವಾಗ ಅದು ಯಾರೊಡನೆ ಹೋರಾಡುತ್ತಿದ್ದಿತೆಂಬುದನ್ನು ಕೇಳುವುದು ನಮ್ಮ ವಿಭಾಗದ ಕೆಲಸವಾದುದರಿಂದ, ಕುಣಿದ ಹುಡುಗನ ಸಾಕ್ಷ್ಯವೊಂದರಿಂದಲೇ ನಾವು ತೃಪ್ತರಾಗಲಾರೆವು.

ಲೊಲ್ಲಾಪಲೂಜಾ ಇಂದು ಅನೇಕ ದೇಶಗಳಲ್ಲಿ ನಡೆಯುತ್ತದೆ. 2023ರಲ್ಲಿ ಅದು ಮುಂಬಯಿಗೂ ಬಂದಿತು. 2025ರ ಮಾರ್ಚ್ ತಿಂಗಳಲ್ಲಿ ಅಲ್ಲಿ ನುಡಿಸಿದ ಗ್ರೀನ್ ಡೇ ತಂಡ ರಮೋನ್ಸರ ವಂಶಕ್ಕೇ ಸೇರಿದುದು. ನಮ್ಮ ಕಾಲೇಜುಗಳಿಂದಲೂ ವಿದ್ಯಾರ್ಥಿಗಳು ಅಲ್ಲಿಗೆ ಹೋಗಿಬರುತ್ತಾರೆ. ಹೋಗಿಬಂದವರು ಯಾವ ತಂಡ ಚೆನ್ನಾಗಿ ಹಾಡಿತೆಂಬುದರ ಜೊತೆಗೆ, ಯಾವ ತಂಡ ಯಾವ ಹೊತ್ತಿನಲ್ಲಿ, ಎಷ್ಟು ನಿಮಿಷ, ಯಾರ ಮುಂಚೆ ಹಾಡಿತೆಂಬುದನ್ನು ಗುರುತು ಹಾಕಿಕೊಂಡು ಬಂದರೆ ಮುಂದಿನವರಿಗೆ ಉಪಕಾರವಾದೀತು.

1996ರ ಆಗಸ್ಟ್ 4ರಂದು ಉತ್ಸವ ಮುಗಿಯಿತೆಂದೆವಷ್ಟೆ. ಎರಡು ದಿನಗಳ ಅನಂತರ, ಆಗಸ್ಟ್ 6ರ ರಾತ್ರಿ, ಹಾಲಿವುಡ್‌ನ ಪ್ಯಾಲೆಸ್ ಎಂಬ ರಂಗಮಂದಿರದಲ್ಲಿ ರಮೋನ್ಸರು 2,263ನೆಯ ಹಾಗೂ ಕೊನೆಯ ಪ್ರದರ್ಶನವನ್ನು ನೀಡಿದರು. ಉತ್ಸವದಲ್ಲಿ ಪಟ್ಟಿಯ ಮೇಲ್ಭಾಗದಲ್ಲಿದ್ದ ಸೌಂಡ್‌ಗಾರ್ಡನ್ ತಂಡದವರು ಇಲ್ಲಿ ಅತಿಥಿಗಳಾಗಿ ವೇದಿಕೆ ಹತ್ತಿ ಒಂದೊಂದು ಹಾಡಿಗೆ ಕೈಗೂಡಿಸಿ ಇಳಿದರು. ಡೀ ಡೀ ಕೂಡ ಬಂದು ಒಂದು ಹಾಡನ್ನು ಹಾಡಲು ಹೋಗಿ ತಾನೇ ಬರೆದ ಮಾತುಗಳನ್ನು ಮರೆತನು. ಕಾಲದ ಕಟ್ಟಳೆಯಿಲ್ಲದ ಆ ರಾತ್ರಿಯಲ್ಲಿಯೂ ಹಾಡುಗಳೇನೂ ಉದ್ದವಾಗಲಿಲ್ಲ. ಕೊನೆಯದಾಗಿ ಎತ್ತಿಕೊಂಡುದು ತಮ್ಮ ಸ್ವಂತದ ಹಾಡನ್ನಲ್ಲ. ಇಂಗ್ಲೆಂಡಿನ ಡೇವ್ ಕ್ಲಾರ್ಕ್ ಫೈವ್ ಎಂಬ ತಂಡ 1960ರ ದಶಕದಲ್ಲಿ, ಇವರು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ, ಹಾಡಿದ ಒಂದು ಚಿಕ್ಕ ಹಾಡನ್ನು.